ಈಡಿಪಸ್‌ಗೆ ಬೇರೆ ದಾರಿ ಇತ್ತಾ? ಎಲ್ಲ ಹಣೆಬರಹ ಅಂದರೆ ನಾಟಕ ಯಾಕೆ ನೋಡಬೇಕು?

ಓದುಗುಳಿ
ನಮ್ಮ ಓದುಗರ ಗುಂಪಿನಲ್ಲಿ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ಈಡಿಪಸ್ ನಾಟಕ ಓದಿ ಮುಗಿಸಿದೆವು. ಮುಗಿದ ಮೇಲೆ ದೊಡ್ಡ ಜಗಳ. ಹೆಚ್ಚಿನವರು "ಪಾಪ, ಅವನ ಹಣೆಬರಹ, ಅವನೇನು ಮಾಡೋಕಾಗುತ್ತೆ" ಅಂದುಬಿಟ್ಟರು. ನನಗೆ ಇದು ಸೋಮಾರಿ ಉತ್ತರ ಅನ್ನಿಸಿತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಓದದವರಿಗೆ ಚಿಕ್ಕದಾಗಿ ಕಥೆ. ಥೀಬ್ಸ್ ಊರಿಗೆ ಪಿಡುಗು ಬಡಿದಿದೆ. ಹಿಂದಿನ ದೊರೆ ಲೇಯಸ್‌ನನ್ನು ಕೊಂದವನು ಊರಲ್ಲೇ ಇದ್ದಾನೆ, ಅವನನ್ನು ಹೊರಗೆ ಹಾಕಿ ಅಂತ ಅಪೋಲೊ ದೇವರ ಗುಡಿ ಇರುವ ಡೆಲ್ಫಿಯಿಂದ ದೇವವಾಣಿ ಬರುತ್ತದೆ. ಈಗಿನ ದೊರೆ ಈಡಿಪಸ್ ಕೊಲೆಗಾರನಿಗೆ ಎಲ್ಲರೆದುರು ಶಾಪ ಹಾಕಿ ಹುಡುಕಲು ಶುರು ಮಾಡುತ್ತಾನೆ. ಹುಡುಕುತ್ತಾ ಹೋದರೆ ಕೊಂದವನು ತಾನೇ. ಸತ್ತವನು ತನ್ನ ಅಪ್ಪ. ಮದುವೆಯಾಗಿರುವುದು ತಾಯಿಯನ್ನು.

ನನ್ನ ವಾದ ಇಷ್ಟು. ಡೆಲ್ಫಿ ಇವನಿಗೆ ಮೊದಲೇ ಹೇಳಿದ್ದ ಎರಡು ಘೋರ ಕೆಲಸಗಳೂ, ಅಂದರೆ ಕೊಲೆ ಮತ್ತು ಮದುವೆ, ನಾಟಕ ಶುರುವಾಗುವ ಎಷ್ಟೋ ವರ್ಷ ಮೊದಲೇ ಆಗಿಹೋಗಿವೆ. ವೇದಿಕೆ ಮೇಲೆ ನಾವು ನೋಡುವುದು ಒಂದು ತನಿಖೆಯನ್ನು. ಆ ತನಿಖೆಯಲ್ಲಿ ಪ್ರತಿ ಹೆಜ್ಜೆಯೂ ಅವನದೇ ತೀರ್ಮಾನ. ಭಾವಮೈದುನ ಕ್ರಿಯಾನ್ "ಒಳಗೆ ಹೋಗಿ ಮಾತಾಡೋಣವಾ" ಅಂತ ಕೇಳಿದಾಗ ಇವನು ಎಲ್ಲರ ಎದುರೇ ಹೇಳು ಅನ್ನುತ್ತಾನೆ. ಕುರುಡು ಕಣಿಗಾರ ಟೈರೀಸಿಯಸ್ ನನ್ನನ್ನು ಮನೆಗೆ ಕಳಿಸು ಅನ್ನುತ್ತಾನೆ, ಇವನು ಬಿಡುವುದಿಲ್ಲ. ಹೆಂಡತಿ ಯೊಕಾಸ್ಟಾ ಕಾಲು ಹಿಡಿಯುವ ಹಾಗೆ ಬೇಡುತ್ತಾಳೆ, ಕೇಳುವುದಿಲ್ಲ. ಮುದುಕ ಕುರುಬ ಬಾಯಿ ಬಿಡದಿದ್ದಾಗ ಕೈ ಹಿಂದಕ್ಕೆ ಕಟ್ಟಿಸುತ್ತಾನೆ. ಯಾವ ದೇವರು ಇದನ್ನೆಲ್ಲ ಮಾಡಿಸಿದ?

ಸುಮ್ನೆ_ಬಂದೆ
ಕಥೆ ಕೇಳಿಯೇ ತಲೆ ತಿರುಗಿತು. ಇದನ್ನು ಮಕ್ಕಳಿಗೆ ಪಠ್ಯ ಇಡ್ತಾರಾ?

ಎಂಎ_ಫೈನಲ್
ಇಡ್ತಾರೆ. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬರುತ್ತೆ: "ಈಡಿಪಸ್ ವಿಧಿಯ ಕೈಗೊಂಬೆಯೇ? ಚರ್ಚಿಸಿ." ಗೈಡ್‌ನಲ್ಲಿ ಅರ್ಧ ಪುಟ ಹೌದು, ಅರ್ಧ ಪುಟ ಅಲ್ಲ, ಕೊನೆಗೆ "ಎರಡೂ ಸೇರಿ" ಅಂತ ಬರೆದಿರ್ತಾರೆ. ನಾನೂ ಹಾಗೇ ಬರೆದು ಪಾಸಾದೆ.

ಕಡಲತಡಿ
ಓದುಗುಳಿಯವರೇ, ನಿಮ್ಮ ವಾದ ಚಂದ ಉಂಟು, ಆದರೆ ಒಂದು ದೊಡ್ಡ ತೂತು ಉಂಟು. ಟೈರೀಸಿಯಸ್ ಏನು ಹೇಳುತ್ತಾನೆ ಸರಿಯಾಗಿ ನೋಡಿ. ನಾನು ಬಾಯಿ ಮುಚ್ಚಿಕೊಂಡಿದ್ದರೂ ಬರುವುದು ಬಂದೇ ಬರುತ್ತದೆ ಅನ್ನುತ್ತಾನೆ. ನಿನ್ನನ್ನು ಕೆಡವಲು ನಾನು ಬೇಕಾಗಿಲ್ಲ, ಅಪೋಲೊ ಸಾಕು ಎಂಬ ಅರ್ಥದ ಮಾತೂ ಅವನದೇ. ಹೊರಟು ಹೋಗುವ ಮೊದಲು ಇನ್ನೂ ಒಂದು ಹೇಳುತ್ತಾನೆ: ಈಗ ಕಣ್ಣಿರುವವನು ಕುರುಡನಾಗುತ್ತಾನೆ, ಸಿರಿವಂತ ತಿರುಕನಾಗುತ್ತಾನೆ, ಕೋಲು ಊರಿಕೊಂಡು ಪರದೇಶಕ್ಕೆ ಹೋಗುತ್ತಾನೆ.

ಅಂದರೆ ನಿಮ್ಮ ತನಿಖೆಯ ಫಲವೂ, ಕಣ್ಣು ಕಿತ್ತುಕೊಳ್ಳುವುದೂ ಮೊದಲೇ ಗೊತ್ತಿತ್ತು. ಬರೀ ಕೊಲೆ ಮತ್ತು ಮದುವೆ ಅಲ್ಲ ಮಾರಾಯ್ರೇ.

ಓದುಗುಳಿ
ಗೊತ್ತಿರುವುದು ಬೇರೆ, ಮಾಡಿಸುವುದು ಬೇರೆ. ಪಂಚಾಂಗದಲ್ಲಿ ಗ್ರಹಣ ಯಾವತ್ತು ಅಂತ ಬರೆದಿರುತ್ತದೆ. ಅದಕ್ಕೆ ಪಂಚಾಂಗವೇ ಗ್ರಹಣ ಹಿಡಿಸಿತು ಅನ್ನೋಕಾಗುತ್ತಾ?

ಕಡಲತಡಿ
ಒಪ್ಪಿದೆ. ಆದರೆ ಚಂದ್ರ ಯೋಚನೆ ಮಾಡಿ ನೆರಳಿಗೆ ಹೋಗುವುದಿಲ್ಲವಲ್ಲ. ಅದರ ದಾರಿ ನಿಗದಿಯಾಗಿದೆ, ಅದಕ್ಕೇ ಪಂಚಾಂಗ ಬರೆಯಲು ಆಗುತ್ತದೆ. ಮನುಷ್ಯ ಏನು ಮಾಡುತ್ತಾನೆ ಅಂತ ಅಷ್ಟೇ ಖಚಿತವಾಗಿ ಬರೆಯಲು ಬಂದರೆ ಅವನೂ ಚಂದ್ರನ ಹಾಗೆಯೇ ಅಂತ ಆಯಿತಲ್ಲ?

ಗಡಿಬಿಡಿ
ಪಾಯಿಂಟ್ 👏 ಓದುಗುಳಿ ಔಟ್.

ಹಳೇಪುಸ್ತಕ
ಔಟ್ ಇಲ್ಲ, ಸ್ವಲ್ಪ ತಡೀರಿ. ಈ ಜಗಳ ಹಳೆಯದು. ಇ.ಆರ್. ಡಾಡ್ಸ್ ಅಂತ ಆಕ್ಸ್‌ಫರ್ಡ್‌ನಲ್ಲಿ ಗ್ರೀಕ್ ಪ್ರೊಫೆಸರ್ ಇದ್ದರು. 1966ರಲ್ಲಿ ಇದೇ ನಾಟಕದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಪರೀಕ್ಷೆಯಲ್ಲಿ ಹುಡುಗರಿಗೆ ಈ ನಾಟಕದ ಬಗ್ಗೆ ಪ್ರಶ್ನೆ ಕೊಟ್ಟರಂತೆ, ಉತ್ತರ ನೋಡಿ ಬೇಸರ ಬಂತಂತೆ. ಒಂದು ಗುಂಪು ಈಡಿಪಸ್ ತಪ್ಪು ಮಾಡಿದ, ಅದಕ್ಕೇ ಅನುಭವಿಸಿದ ಅಂತ ಬರೆದಿದೆ. ಇನ್ನೊಂದು ಗುಂಪು ಎಲ್ಲ ವಿಧಿ, ಅವನು ಬೊಂಬೆ ಅಂತ. ಮೂರನೆಯವರು ಸೊಫೋಕ್ಲಿಸ್‌ಗೆ ಇದ್ಯಾವುದೂ ಬೇಕಿರಲಿಲ್ಲ, ಅವನು ಬರೀ ನಾಟಕಕಾರ ಅಂತ. ಮೂರೂ ತಪ್ಪು ಅಂತ ಡಾಡ್ಸ್ ವಾದ. ಹೋಮರನ ಕಾಲದಿಂದಲೂ ಗ್ರೀಕರು ಒಂದೇ ಕೆಲಸವನ್ನು ದೇವರೂ ಮಾಡಿಸಿದ, ನಾನೂ ಮಾಡಿದೆ ಅಂತ ಒಟ್ಟಿಗೆ ಹೇಳುತ್ತಿದ್ದರು. ಇದೋ ಅದೋ ಅಂತ ಆರಿಸಲೇಬೇಕು ಅನ್ನುವ ಹಟ ನಮ್ಮದು ಅನ್ನುತ್ತಾರೆ.

ನಾಟಕದಲ್ಲೇ ಸಾಕ್ಷಿ ಇದೆ. ಕಣ್ಣು ಕಿತ್ತುಕೊಂಡು ಹೊರಗೆ ಬಂದ ಮೇಲೆ ಮೇಳದವರು ಯಾವ ದೇವರು ಇದನ್ನು ಮಾಡಿಸಿದ ಅಂತ ಕೇಳುತ್ತಾರೆ. ಅವನು ಕೊಡುವ ಉತ್ತರ: ಈ ನೋವೆಲ್ಲ ಅಪೋಲೊ ತಂದದ್ದು, ಆದರೆ ಕಣ್ಣಿಗೆ ಹೊಡೆದ ಕೈ ನನ್ನದೇ, ಬೇರೆ ಯಾರದ್ದೂ ಅಲ್ಲ. ಒಂದೇ ಉಸಿರಿನಲ್ಲಿ ಎರಡೂ ಹೇಳಿಬಿಡುತ್ತಾನೆ.

ಎಂಎ_ಫೈನಲ್
ಹಾಗಾದ್ರೆ ನಮ್ಮ ಗೈಡ್ ಸರಿ ಅಂತಾಯ್ತು 😀

ಹಳೇಪುಸ್ತಕ
ಅರ್ಧ ಪುಟ ಅದು, ಅರ್ಧ ಪುಟ ಇದು ಅಂತ ಡಾಡ್ಸ್ ಹೇಳಿಲ್ಲ ತಮ್ಮಾ. ಎರಡೂ ಪೂರ್ತಿ ಪೂರ್ತಿ ಅಂತ ಹೇಳಿದ್ದು.

ಬಿಸಿಲೂರು
ನನಗೊಂದು ಅನುಮಾನ. ಲೇಯಸ್ ಹಿಂದೆ ಒಬ್ಬ ಹುಡುಗನನ್ನು ಹೊತ್ತುಕೊಂಡು ಹೋಗಿದ್ದ, ಅದರ ಶಾಪ ಮಗನಿಗೆ ತಟ್ಟಿತು ಅಂತ ಎಲ್ಲೋ ಓದಿದ್ದೆ. ಅಪ್ಪ ಮಾಡಿದ ಪಾಪ ಮಗನಿಗೆ. ನಮ್ಮ ಕಡೆ ಹಿರಿಯರು ಹೇಳುವುದೂ ಇದೇ ತಾನೇ? ಹಾಗೆ ನೋಡಿದರೆ ಇದು ಕುರುಡು ವಿಧಿ ಅಲ್ಲ, ಲೆಕ್ಕ ಚುಕ್ತಾ.

ಹಳೇಪುಸ್ತಕ
ಆ ಕಥೆ ಇದೆ, ಹುಡುಗನ ಹೆಸರು ಕ್ರಿಸಿಪ್ಪಸ್. ಆದರೆ ಈ ನಾಟಕದಲ್ಲಿ ಅದರ ಸುಳಿವೇ ಇಲ್ಲ. ಇದು ಮುಖ್ಯ. ಸೊಫೋಕ್ಲಿಸ್‌ಗಿಂತ ಮುಂಚೆ, ಕ್ರಿ.ಪೂ. 467ರಲ್ಲಿ, ಎಸ್ಕಿಲಸ್ ಎಂಬ ನಾಟಕಕಾರ ಇದೇ ಮನೆತನದ ಕಥೆ ಆಡಿಸಿದ್ದ. ಅಲ್ಲಿ ಅಪೋಲೊ ಲೇಯಸ್‌ಗೆ ಮೂರು ಸಲ ಎಚ್ಚರಿಸುತ್ತಾನೆ: ಮಕ್ಕಳಿಲ್ಲದೆ ಸತ್ತರೆ ಊರು ಉಳಿಯುತ್ತದೆ ಅಂತ. ಅಂದರೆ ಷರತ್ತು ಇದೆ, ಲೇಯಸ್ ಮುರಿದ, ಫಲ ಬಂತು. ಸೊಫೋಕ್ಲಿಸ್ ಆ ಷರತ್ತನ್ನು ಕಿತ್ತುಹಾಕಿದ. ಇಲ್ಲಿ ಯೊಕಾಸ್ಟಾ ಹೇಳುವ ಹಾಗೆ ದೇವವಾಣಿ ಸೀದಾ ಇದೆ: ನಿನಗೆ ಹುಟ್ಟುವ ಮಗನಿಂದಲೇ ನಿನ್ನ ಸಾವು. "ಹೀಗೆ ಮಾಡಿದರೆ ಹಾಗೆ" ಅನ್ನುವ ಮಾತೇ ಇಲ್ಲ. ಪಾಪಕ್ಕೆ ಫಲ ಅನ್ನುವ ಸಮಾಧಾನವನ್ನು ಬೇಕಂತಲೇ ನಮ್ಮಿಂದ ಕಿತ್ತುಕೊಂಡಿದ್ದಾನೆ ಅಂತ ನನಗನ್ನಿಸುತ್ತದೆ.

ಬಿಸಿಲೂರು
ಹಾಗಾದರೆ ಇನ್ನೂ ಕ್ರೂರ.

ಲಾಪಾಯಿಂಟ್
ಲೇಯಸ್ ಸತ್ತ, ಮೂರು ದಾರಿ ಕೂಡುವ ಜಾಗದ ಘಟನೆ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಕೇಸ್ ಇರುವುದೇ ಅಲ್ಲಿ. ಈಡಿಪಸ್ ಒಬ್ಬನೇ ನಡೆದು ಬರುತ್ತಿದ್ದಾನೆ. ಎದುರಿಗೆ ಗಾಡಿ. ಅದರಲ್ಲಿ ವಯಸ್ಸಾದವನೊಬ್ಬ. ಮುಂದೆ ಹೋಗುವವನೂ ಆ ಹಿರಿಯನೂ ಇವನನ್ನು ದಾರಿಯಿಂದ ತಳ್ಳಲು ನೋಡುತ್ತಾರೆ. ಇವನು ಗಾಡಿ ಹೊಡೆಯುವವನಿಗೆ ಬಾರಿಸುತ್ತಾನೆ. ಮುದುಕ ಕಾದಿದ್ದು ಮುಳ್ಳುಗೋಲಿನಿಂದ ಇವನ ತಲೆಗೇ ಹೊಡೆಯುತ್ತಾನೆ. ಇವನು ಕೋಲೆತ್ತಿ ಒಂದೇ ಏಟಿಗೆ ಅವನನ್ನು ಉರುಳಿಸುತ್ತಾನೆ. ಆಮೇಲೆ ಉಳಿದವರನ್ನೂ ಕೊಲ್ಲುತ್ತಾನೆ. ಒಬ್ಬ ಮಾತ್ರ ತಪ್ಪಿಸಿಕೊಳ್ಳುತ್ತಾನೆ.

ಮೊದಲು ಕೈ ಮಾಡಿದ್ದು ಅವರು, ಸರಿ. ಆದರೆ ಉಳಿದವರನ್ನು ಕೊಲ್ಲು ಅಂತ ಯಾವ ಭವಿಷ್ಯವಾಣಿಯಲ್ಲಿತ್ತು? ಅದು ಅವನ ಸಿಟ್ಟು. ವಿಧಿಗೆ ಬೇಕಾಗಿದ್ದು ಒಂದು ಹೆಣ, ಮಿಕ್ಕದ್ದು ಅವನ ಬೋನಸ್.

ಗಡಿಬಿಡಿ
ದಾರಿ ಬಿಡಲಿಲ್ಲ ಅಂತ ಕೊಲೆ. ಸಿಲ್ಕ್‌ಬೋರ್ಡ್ ಜಂಕ್ಷನ್ನಿನಲ್ಲಿ ದಿನಾ ಆಗಬೇಕಿತ್ತು.

ಮಲೆನಾಡಮ್ಮ
ಲಾಪಾಯಿಂಟ್ ಅವರೇ, ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಬೇರೆ. ಕಾರಿಂತ್‌ನಲ್ಲಿ ಒಂದು ಔತಣದಲ್ಲಿ ಕುಡಿದವನೊಬ್ಬ ಇವನಿಗೆ "ನೀನು ನಿಮ್ಮಪ್ಪನ ಮಗನೇ ಅಲ್ಲ" ಅಂದುಬಿಡುತ್ತಾನೆ. ಇವನು ತನ್ನನ್ನು ಸಾಕಿದ ಅಲ್ಲಿನ ದೊರೆ ಪಾಲಿಬಸ್, ರಾಣಿ ಮೆರೋಪಿಯನ್ನು ಕೇಳುತ್ತಾನೆ. ಅವರು ಸಮಾಧಾನ ಮಾಡುತ್ತಾರೆ. ಇವನಿಗೆ ಸಮಾಧಾನವಾಗದೆ ಅವರಿಗೆ ಹೇಳದೆ ಡೆಲ್ಫಿಗೆ ಹೋಗುತ್ತಾನೆ. ಅಲ್ಲಿ ಕೇಳಿದ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ, ಬದಲಿಗೆ ಅಪ್ಪನನ್ನು ಕೊಲ್ತೀಯ, ತಾಯಿಯನ್ನು ಕೂಡ್ತೀಯ ಅಂತ ಹೇಳಿ ಕಳಿಸುತ್ತಾರೆ. ಆಗ ಇವನು ಏನು ಮಾಡಬೇಕಿತ್ತು? ನನ್ನ ಅಪ್ಪ ಅಮ್ಮ ಯಾರು ಅಂತಲೇ ಖಾತ್ರಿ ಇಲ್ಲ, ಅದಕ್ಕೇ ಬಂದೆ ಅಂತ ನೆನಪಿಟ್ಟುಕೊಳ್ಳಬೇಕಿತ್ತು ಅಲ್ವಾ? ಬಂದ ಪ್ರಶ್ನೆಯನ್ನೇ ಮರೆತು, ಕಾರಿಂತ್‌ನವರೇ ಅಪ್ಪ ಅಮ್ಮ ಅಂತ ತೀರ್ಮಾನಿಸಿ ಅವರಿಂದ ದೂರ ಓಡುತ್ತಾನೆ. ಇಷ್ಟು ಬುದ್ಧಿವಂತ, ಸ್ಫಿಂಕ್ಸ್ ಎಂಬ ರಾಕ್ಷಸಿಯ ಒಗಟು ಬಿಡಿಸಿದವನು, ಅಪ್ಪನ ವಯಸ್ಸಿನವರ ಮೇಲೆ ಕೈ ಎತ್ತಬಾರದು, ತಾಯಿಯ ವಯಸ್ಸಿನವಳನ್ನು ಮದುವೆ ಆಗಬಾರದು ಅನ್ನುವ ಸಣ್ಣ ಎಚ್ಚರವೂ ಇಲ್ಲ.

ಲಾಪಾಯಿಂಟ್
ಇದೇ ನನ್ನ ಪಾಯಿಂಟ್. ನಿರ್ಲಕ್ಷ್ಯ.

ತೆರೆಮರೆ
ನಾಟಕ ಆಡಿಸುವವನಾಗಿ ಹೇಳುತ್ತೇನೆ, ಈ ಲೆಕ್ಕಾಚಾರ ಮನೆಯಲ್ಲಿ ಕೂತು ಓದುವಾಗ ಮಾತ್ರ ಹೊಳೆಯುವುದು. ನೋಡುವಾಗ ಯಾರೂ "ಅವಳ ವಯಸ್ಸು ಎಷ್ಟು" ಅಂತ ಕೇಳುವುದಿಲ್ಲ. ಇಷ್ಟು ವರ್ಷ ದೊರೆಯಾಗಿದ್ದವನಿಗೆ ಹಿಂದಿನ ದೊರೆ ಹೇಗೆ ಸತ್ತ ಅಂತಲೇ ಗೊತ್ತಿಲ್ಲದಿರುವುದು ನಂಬುವ ಹಾಗಿಲ್ಲ ಅಂತ ಫ್ರೆಂಚ್ ಲೇಖಕ ವೋಲ್ತೇರ್ ಕೂಡ ಗೊಣಗಿದ್ದ. 1718ರಲ್ಲಿ ಅವನೇ ಒಂದು ಈಡಿಪಸ್ ಬರೆದು ಆಡಿಸಿದ. ಈಗ ಎಷ್ಟು ಜನ ಅದನ್ನು ಆಡುತ್ತಾರೆ? ಅರಿಸ್ಟಾಟಲ್‌ಗೂ ಇದು ಕಂಡಿತ್ತು. ಆದರೆ ನಂಬಲಾಗದ ವಿಷಯ ನಾಟಕದ ಹೊರಗೆ ಇದ್ದರೆ ನಡೆಯುತ್ತದೆ ಅಂದು ಇದನ್ನೇ ಉದಾಹರಣೆ ಕೊಟ್ಟ.

ಇನ್ನೊಂದು. ನಟನಿಗೆ "ನೀನು ವಿಧಿಯ ಬೊಂಬೆ" ಅಂತ ಹೇಳಿಕೊಟ್ಟು ನೋಡಿ, ಮೊದಲ ದೃಶ್ಯದಿಂದಲೇ ಅಳುಮುಖ ಮಾಡಿಕೊಂಡು ನಿಲ್ಲುತ್ತಾನೆ. ನಾಟಕ ಅಲ್ಲೇ ಸತ್ತಿತು.

ಕಡಲತಡಿ
ತೆರೆಮರೆಯವರೇ, ಕನ್ನಡದಲ್ಲಿ ಆಡಲು ಯಾವ ಪ್ರತಿ ಉಂಟು?

ತೆರೆಮರೆ
ಪಿ. ಲಂಕೇಶರ ಅನುವಾದ ಇದೆ, ಸೊಫೋಕ್ಲಿಸನ ಇನ್ನೊಂದು ನಾಟಕ ಅಂತಿಗೊನೆಯನ್ನೂ ಅವರೇ ಮಾಡಿದ್ದಾರೆ. ಆಡುಮಾತಿಗೆ ಹತ್ತಿರ, ಬಾಯಿಗೆ ಸುಲಭವಾಗಿ ಕೂರುತ್ತದೆ. 70ರ ದಶಕದ ಶುರುವಿನಲ್ಲಿ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಬಯಲಲ್ಲಿ ಅದನ್ನು ಆಡಿಸಿದ್ದರು, ಆ ಕಾಲದವರು ಈಗಲೂ ನೆನೆಸಿಕೊಳ್ಳುತ್ತಾರೆ.

ಸುಮ್ನೆ_ಬಂದೆ
ಪಿಡಿಎಫ್ ಇದ್ರೆ ಹಾಕಿ ಪ್ಲೀಸ್

ಹಳೇಪುಸ್ತಕ
ಕೊಂಡು ಓದಿ ಸ್ವಾಮಿ.

ಕನ್ನಡದ ಮಾತು ಬಂತು ಅಂತ ಹೇಳುತ್ತೇನೆ. ಬಿ.ಎಂ.ಶ್ರೀ ಅವರ 'ಅಶ್ವತ್ಥಾಮನ್' ಇದೆಯಲ್ಲ, ಅದರ ಹಿಂದೆ ಇರುವುದು ಸೊಫೋಕ್ಲಿಸ್‌ನದೇ ಇನ್ನೊಂದು ನಾಟಕ, ಏಜಾಕ್ಸ್. ಅದರಲ್ಲಿ ಅಥೀನಾ ದೇವಿ ಸ್ವತಃ ಬಂದು ನಿಂತು ನಾಯಕನಿಗೆ ಹುಚ್ಚು ಹಿಡಿಸಿದ್ದನ್ನು ಹೇಳುತ್ತಾಳೆ. ದೇವರು ಮಾಡಿಸಿದ್ದು ಅಂತ ತೋರಿಸಬೇಕಾದಾಗ ತೋರಿಸಲು ಸೊಫೋಕ್ಲಿಸ್‌ಗೆ ಬರುತ್ತಿತ್ತು. ಈಡಿಪಸ್‌ನಲ್ಲಿ ಒಬ್ಬ ದೇವರೂ ವೇದಿಕೆಗೆ ಬರುವುದಿಲ್ಲ. ಇದು ಓದುಗುಳಿ ಪರವಾಗಿ ನನ್ನ ಕಡೆಯಿಂದ ಒಂದು ವೋಟು.

ಯಕ್ಷಪ್ರಿಯ
ನಮ್ಮ ಕರ್ಣನನ್ನು ಬಿಟ್ಟು ಈ ಚರ್ಚೆ ಮಾಡುವುದೇ ತಪ್ಪು. ಅವನೂ ಹುಟ್ಟಿದ ಕೂಡಲೇ ನೀರಿಗೆ ಬಿಟ್ಟ ಮಗು, ಅವನಿಗೂ ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲ, ಸಾಕಿದವರು ಬೇರೆ. ಆದರೆ ಅವನಿಗೆ ಯುದ್ಧಕ್ಕೆ ಮೊದಲೇ ಕೃಷ್ಣ ಕರೆದು ಗುಟ್ಟು ಹೇಳುತ್ತಾನೆ. ಕುಂತಿಯೂ ಬರುತ್ತಾಳೆ. ಎಲ್ಲ ಗೊತ್ತಿದ್ದೂ ದುರ್ಯೋಧನನನ್ನು ಬಿಡುವುದಿಲ್ಲ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಗಳು ಸಿಕ್ಕಿದರೆ ಈ ಒಂದು ಸನ್ನಿವೇಶಕ್ಕೆ ಬೆಳಗಿನ ಜಾವದವರೆಗೆ ವಾದ ಮಾಡುತ್ತಾರೆ. ಕೃಷ್ಣ ಆಮಿಷ ಒಡ್ಡಿದನೋ ಆಯ್ಕೆ ಕೊಟ್ಟನೋ ಅಂತ. ಈಡಿಪಸ್‌ಗೆ ಆ ಅವಕಾಶವೇ ಇಲ್ಲ. ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿದೆ. ಹಾಗಾಗಿ ಸ್ವಂತ ಆಯ್ಕೆಯ ದುರಂತ ಬೇಕಾದರೆ ಕರ್ಣನನ್ನು ನೋಡಿ, ವಿಧಿಯ ದುರಂತ ಬೇಕಾದರೆ ಈಡಿಪಸ್‌ನನ್ನು.

ಮಲೆನಾಡಮ್ಮ
ಕರ್ಣನಿಗೆ ಮಾತ್ರ ಏನು ಕಡಿಮೆ ಶಾಪ ಇತ್ತಾ? ರಥದ ಚಕ್ರ ಹೂತುಹೋಯಿತು, ಪರಶುರಾಮರಿಂದ ಕಲಿತ ಮಂತ್ರ ಹೊತ್ತಿಗೆ ನೆನಪಾಗಲಿಲ್ಲ. ಆಯ್ಕೆ ಮಾಡಿದ, ಆದರೂ ಶಾಪವೇ ಕೊಂದಿತು.

ಯಕ್ಷಪ್ರಿಯ
ಅಕ್ಕಾ, ನೀವು ತಾಳಮದ್ದಳೆಗೆ ಬನ್ನಿ, ಕೃಷ್ಣನ ಅರ್ಥ ನಿಮಗೇ ಬಿಡುತ್ತೇವೆ.

ಗ್ರಹಗತಿ
ಎಲ್ಲರೂ ಸುತ್ತಿ ಬಳಸಿ ಮಾತಾಡುತ್ತಿದ್ದೀರಿ. ಪ್ರಾರಬ್ಧ ಅನುಭವಿಸಲೇಬೇಕು. ಜಾತಕ ತೋರಿಸಿದ್ದರೆ ಪರಿಹಾರವಾದರೂ ಇರುತ್ತಿತ್ತು.

ಗಡಿಬಿಡಿ
ಲೇಯಸ್ ತೋರಿಸಿದ್ದನಲ್ಲ ಸ್ವಾಮಿ, ಡೆಲ್ಫಿಯಲ್ಲಿ. ಪರಿಹಾರವನ್ನೂ ಮಾಡಿದ. ಮಗುವಿನ ಕಾಲಿಗೆ ಮೊಳೆ ಹೊಡೆಸಿ ಬೆಟ್ಟಕ್ಕೆ ಕಳಿಸಿದ. ಆ ಪರಿಹಾರದಿಂದಲೇ ಎಲ್ಲ ಶುರುವಾಗಿದ್ದು.

ಓದುಗುಳಿ
ಗಡಿಬಿಡಿಯವರು ತಮಾಷೆಯಲ್ಲೇ ಸರಿಯಾದ ಜಾಗಕ್ಕೆ ಕೈ ಹಾಕಿದರು. ಆ ಮಗು ಉಳಿದದ್ದು ಹೇಗೆ? ಸಾಯಿಸು ಅಂತ ಕೊಟ್ಟ ಮಗುವನ್ನು ಕುರುಬ ಸಾಯಿಸಲಿಲ್ಲ. ಕಿಥೈರಾನ್ ಬೆಟ್ಟದಲ್ಲಿ ಕಾರಿಂತ್‌ನಿಂದ ಬಂದ ಇನ್ನೊಬ್ಬ ಕುರುಬನಿಗೆ ಕೊಟ್ಟುಬಿಟ್ಟ. ಯಾಕೆ ಅಂತ ಕೇಳಿದರೆ ಕನಿಕರ ಬಂತು ದೊರೆ ಅನ್ನುತ್ತಾನೆ. ಅಷ್ಟೇ ಕಾರಣ. ಇಡೀ ಭವಿಷ್ಯವಾಣಿ ನಿಜವಾಗಿದ್ದು ಒಬ್ಬ ಬಡ ಆಳಿನ ಕರುಣೆಯ ಮೇಲೆ. ಆ ಕನಿಕರವನ್ನೂ ಅಪೋಲೊ ತುಂಬಿದ ಅಂತೀರಾ?

ಕಡಲತಡಿ
ಅಂತೇನೆ. ಯಾಕೆಂದರೆ ಲೇಯಸ್ ಜೊತೆ ಹೋಗಿ ತಪ್ಪಿಸಿಕೊಂಡು ಬಂದವನೂ ಆ ಕುರುಬನೇ! ಕಾರಿಂತ್‌ನಿಂದ ಪಾಲಿಬಸ್ ಸತ್ತ ಸುದ್ದಿ ತಂದವನು ಯಾರು? ಮಗು ಎತ್ತಿಕೊಂಡು ಹೋದ ಅದೇ ಮನುಷ್ಯ. ಹಳೇ ಸಿನಿಮಾದಲ್ಲಿ ಇಷ್ಟು ಕಾಕತಾಳೀಯ ಬಂದರೆ ನಗುತ್ತೇವೆ. ಇಲ್ಲಿ ನಗು ಬರುವುದಿಲ್ಲ, ಯಾಕೆಂದರೆ ಎಲ್ಲವನ್ನೂ ಯಾರೋ ಹೆಣೆದಿದ್ದಾರೆ ಅಂತ ನಮಗೆ ಅನ್ನಿಸುತ್ತಾ ಇರುತ್ತದೆ.

ತೆರೆಮರೆ
ಹೆಣೆದವನು ಸೊಫೋಕ್ಲಿಸ್ 🙂

ಲಾಪಾಯಿಂಟ್
ಆ ಕುರುಬ ಸುಳ್ಳು ಸಾಕ್ಷಿ ಹೇಳಿದ್ದನ್ನು ಮರೆಯಬೇಡಿ. ಕೊಂದವರು ಹಲವು ಕಳ್ಳರು ಅಂತ ಊರಿಗೆ ಬಂದು ಹೇಳಿದ. ಸಿಂಹಾಸನದ ಮೇಲೆ ಈಡಿಪಸ್‌ನನ್ನು ನೋಡಿದ ಮೇಲೆ ನನ್ನನ್ನು ದೂರದ ಹೊಲಕ್ಕೆ ಕಳಿಸಿ ಅಂತ ಯೊಕಾಸ್ಟಾ ಕೈ ಹಿಡಿದು ಬೇಡಿಕೊಂಡ. ಅವನು ಅವತ್ತೇ ನಿಜ ಹೇಳಿದ್ದರೆ ಕೇಸ್ ಆಗಲೇ ಮುಗಿಯುತ್ತಿತ್ತು.

ಇನ್ನೊಂದು ಕಾನೂನಿನ ಮಾತು. ಅಥೆನ್ಸ್‌ನಲ್ಲಿ ಡ್ರೇಕೊ ಬರೆದ ಕೊಲೆ ಕಾನೂನು ಕ್ರಿ.ಪೂ. 7ನೇ ಶತಮಾನದ ಕೊನೆಯದು. ಬೇಕಂತ ಮಾಡಿದ ಕೊಲೆ, ಗೊತ್ತಿಲ್ಲದೆ ಆದ ಕೊಲೆ ಬೇರೆ ಬೇರೆ ಅಂತ ಆಗಲೇ ಇತ್ತು. ನಾಟಕ ನೋಡಲು ಕೂತವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಆದರೂ ಗೊತ್ತಿಲ್ಲದೆ ಕೊಂದವನೂ ಊರು ಬಿಡಬೇಕಿತ್ತು, ಮೈಲಿಗೆ ಅನ್ನುವುದಕ್ಕೆ ಉದ್ದೇಶ ಲೆಕ್ಕಕ್ಕಿಲ್ಲ. ಎಷ್ಟೋ ವರ್ಷದ ಮೇಲೆ ಸೊಫೋಕ್ಲಿಸ್ ಮುದಿ ವಯಸ್ಸಿನಲ್ಲಿ ಕೊಲೋನಸ್‌ನ ಈಡಿಪಸ್ ಬರೆದಾಗ ಅದೇ ಈಡಿಪಸ್ ವಕೀಲನ ಹಾಗೆ ವಾದಿಸುತ್ತಾನೆ: ನಾನು ಮಾಡಿದ್ದಕ್ಕಿಂತ ಅನುಭವಿಸಿದ್ದೇ ಹೆಚ್ಚು, ಗೊತ್ತಿಲ್ಲದೆ ಆಯಿತು, ನನ್ನ ಜೀವ ಉಳಿಸಿಕೊಳ್ಳಲು ಹೊಡೆದೆ. ಆ ನಾಟಕ ಆಡಿದ್ದು ಕ್ರಿ.ಪೂ. 401ರಲ್ಲಿ, ಬರೆದವನು ಸತ್ತ ಮೇಲೆ, ಮೊಮ್ಮಗನ ಕೈಯಿಂದ.

ಮನಸುಮಾತು
ಮನೋವಿಜ್ಞಾನಿ ಫ್ರಾಯ್ಡ್ ಬಗ್ಗೆ ಯಾರೂ ಎತ್ತಲಿಲ್ಲವಲ್ಲ ಅಂತ ಕಾಯುತ್ತಿದ್ದೆ. ಅವನ ಪ್ರಕಾರ ವಿಧಿ ಮತ್ತು ಮನುಷ್ಯನ ಜಗಳದಿಂದ ಈ ನಾಟಕ ನಮ್ಮನ್ನು ಅಲ್ಲಾಡಿಸುವುದಿಲ್ಲ. ವಿಧಿಯ ಬಗ್ಗೆಯೇ ಬರೆದ ಹೊಸ ನಾಟಕಗಳು ಸಪ್ಪೆಯಾಗಿದ್ದವು, ಹಾಗಾಗಿ ಗುಟ್ಟು ಕಥೆಯ ಒಳಗಿನ ಆಸೆಯಲ್ಲಿ, ಅಂದರೆ ಗಂಡುಮಗುವಿಗೆ ತಾಯಿಯ ಮೇಲಿರುವ ಆಸೆಯಲ್ಲಿದೆ ಅಂತ ಅವನ ವಾದ.

ಮಲೆನಾಡಮ್ಮ
ಅವನಿಗೆ ಹಾಗನ್ನಿಸಿತು, ಸರಿ. ಈಡಿಪಸ್‌ಗಂತೂ ಅಂಥ ಆಸೆ ಇತ್ತು ಅನ್ನುವುದಕ್ಕೆ ನಾಟಕದಲ್ಲಿ ಏನೂ ಇಲ್ಲ. ತಾಯಿ ಅಂತ ಅವನು ಪ್ರೀತಿಸುತ್ತಿದ್ದದ್ದು ಮೆರೋಪಿಯನ್ನು, ಅವಳಿಂದ ಓಡಿಬಂದ. ಫ್ರಾಯ್ಡ್‌ಗೆ ಬೇರೆ ಎಳೆ ತೆಗೀರಿ, ಇಲ್ಲಿ ಶುರುವಾದರೆ ಮುಗಿಯೋದಿಲ್ಲ.

ಸುಮ್ನೆ_ಬಂದೆ
ನಾನು ಈಗ ಓದುತ್ತಾ ಇದ್ದೇನೆ, ಅರ್ಧ ಬಂದೆ. ಯೊಕಾಸ್ಟಾಗೆ ಯಾವಾಗ ಗೊತ್ತಾಗುತ್ತೆ?

ಮಲೆನಾಡಮ್ಮ
ಕಾರಿಂತ್‌ನವನು ನಿನ್ನನ್ನು ಕಾಲು ಬಿಗಿದ ಮಗುವಾಗಿ ಲೇಯಸ್‌ನ ಆಳಿನ ಕೈಯಿಂದ ತೆಗೆದುಕೊಂಡೆ ಅಂತ ಹೇಳುವಾಗ ಅವಳು ಪಕ್ಕದಲ್ಲೇ ನಿಂತಿದ್ದಾಳೆ. ಒಂದು ಮಾತಿಲ್ಲ. ಆಮೇಲೆ ಬಾಯಿ ತೆರೆದಾಗ ಇದನ್ನು ಕೆದಕಬೇಡ ಅನ್ನುತ್ತಾಳೆ. ಇವನು ಪೆದ್ದ, ನಾನು ಆಳಿನ ಮಗ ಅಂತ ಗೊತ್ತಾದರೆ ಇವಳಿಗೆ ಅವಮಾನ ಅಂತ ತಿಳಿದುಕೊಳ್ಳುತ್ತಾನೆ.

ಅದಕ್ಕಿಂತ ಸ್ವಲ್ಪ ಮುಂಚೆ ಇದೇ ಯೊಕಾಸ್ಟಾ ಬದುಕೆಲ್ಲ ಆಕಸ್ಮಿಕ, ಮುಂದಿನದು ಯಾರಿಗೂ ಗೊತ್ತಿಲ್ಲ, ಸಾಧ್ಯವಾದಷ್ಟು ನಿಶ್ಚಿಂತೆಯಿಂದ ಇದ್ದುಬಿಡಬೇಕು ಎಂಬ ಅರ್ಥದ ಮಾತು ಆಡಿರುತ್ತಾಳೆ. ವಿಧಿ ಗಿಧಿ ಏನೂ ಇಲ್ಲ ಅಂತ ಬಾಯಿಬಿಟ್ಟು ಹೇಳುವುದು ಅವಳೇ. ಅವಳ ಗತಿ ಏನಾಯಿತು ನೋಡಿ. ಓದುಗುಳಿಯವರು ಇದಕ್ಕೆ ಏನಂತಾರೆ?

ಓದುಗುಳಿ
ಅವಳು ಹೇಳುವುದು ಆಕಸ್ಮಿಕ ಅಂತ, ಆಯ್ಕೆ ಅಂತ ಅಲ್ಲ. ಎಲ್ಲ ಆಕಸ್ಮಿಕವಾದರೆ ಯಾರ ತಲೆಯ ಮೇಲೂ ಹೊಣೆ ಇಲ್ಲ, ಹಾಯಾಗಿರಬಹುದು. ಈಡಿಪಸ್ ಆ ಹಾಯನ್ನು ಒಪ್ಪುವುದಿಲ್ಲ. ಅಲ್ಲಿಂದ ಮುಂದೆ ಅವನ ಬಾಯಲ್ಲಿ ಪಿಡುಗಿನ ಮಾತೇ ಇಲ್ಲ, ನಾನು ಯಾರ ಮಗ ಅನ್ನುವುದೊಂದೇ. ಊರಿಗೋಸ್ಕರ ಶುರು ಮಾಡಿದ್ದನ್ನು ಈಗ ತನಗೋಸ್ಕರ ಮುಂದುವರಿಸುತ್ತಾನೆ.

ಕಡಲತಡಿ
ಅದು ಹಟ ಆಯಿತು, ಸ್ವಾತಂತ್ರ್ಯ ಹೇಗೆ? ಹುಟ್ಟುಗುಣ ಅದು. ಹುಟ್ಟುಗುಣವನ್ನು ಅವನು ಅಂಗಡಿಯಲ್ಲಿ ಆರಿಸಿ ತಂದನಾ?

ಓದುಗುಳಿ
ಹುಟ್ಟುಗುಣವನ್ನೂ ವಿಧಿಗೆ ಸೇರಿಸಿಬಿಟ್ಟರೆ ಮನುಷ್ಯನಿಗೆ ಏನೂ ಉಳಿಯುವುದಿಲ್ಲ, ನೀವೂ ಇಲ್ಲಿ ನನ್ನ ಜೊತೆ ವಾದ ಮಾಡುತ್ತಿರುವುದು ಡೆಲ್ಫಿಯವರು ಹೇಳಿದ್ದಕ್ಕೇ ಅನ್ನಬೇಕಾಗುತ್ತದೆ.

ಕಡಲತಡಿ
ಇರಬಹುದು ಮಾರಾಯ್ರೇ, ನನ್ನ ಹೆಂಡತಿ ಹೇಳುವುದೂ ಅದನ್ನೇ.

ಸುಮ್ನೆ_ಬಂದೆ
ಓದಿ ಮುಗಿಸಿದೆ. ಒಂದು ಸಣ್ಣ ಪ್ರಶ್ನೆ. ಕೊನೆಗೆ ಪಿಡುಗು ನಿಂತಿತಾ? ಎಲ್ಲೂ ಸಿಗಲಿಲ್ಲ.

ಹಳೇಪುಸ್ತಕ
ಸಿಗುವುದಿಲ್ಲ, ಬರೆದೇ ಇಲ್ಲ. ಇನ್ನೂ ನೋಡಿ, ಕೊಲೆಗಾರನನ್ನು ಹೊರಗೆ ಹಾಕಿ ಅಂತ ದೇವವಾಣಿ ಬಂದಿತ್ತಲ್ಲ, ಈಡಿಪಸ್ ಕೂಡಲೇ ನನ್ನನ್ನು ಓಡಿಸು ಅಂತ ಕೇಳಿದರೂ ಕ್ರಿಯಾನ್ ಓಡಿಸುವುದಿಲ್ಲ. ಡೆಲ್ಫಿಯನ್ನು ಮತ್ತೊಮ್ಮೆ ಕೇಳಬೇಕು ಅನ್ನುತ್ತಾನೆ.

ಗಡಿಬಿಡಿ
ಮತ್ತೊಮ್ಮೆ ಕೇಳೋದಾ!! ಇಷ್ಟೆಲ್ಲ ಆದ ಮೇಲೂ?

ಲಾಪಾಯಿಂಟ್
ಆಡಳಿತ ಅಂದರೆ ಹಾಗೇ. ಮೇಲಿನಿಂದ ಲಿಖಿತ ಆದೇಶ ಬರಲಿ ಅಂತ.